ಈರುಳ್ಳಿ ಪೊರೆಯಲ್ಲಿ ಮೈಟೋಕಾಂಡ್ರಿಯಾ ಬರೆದಿಲ್ಲ ಅಂತ ಮಾರ್ಕ್ಸ್ ಕಟ್, ಇದು ಸರಿಯಾ?

ಎರಡನೇ_ಕಾಫಿ

ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಕಳೆದ ವಾರ ಶಾಲೆಯಲ್ಲಿ ಈರುಳ್ಳಿ ಪೊರೆಯ ಪ್ರಯೋಗ ಮಾಡಿಸಿದರು. ಇಡೀ ಕ್ಲಾಸಿಗೆ ಇರೋದು ಒಂದೇ ಸೂಕ್ಷ್ಮದರ್ಶಕ, ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ನಿಮಿಷ ನೋಡಿದರಂತೆ. ಇವಳು ಕಂಡದ್ದನ್ನು ಹಾಗೇ ಬರೆದಿದ್ದಾಳೆ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಮನೆಗಳು, ಒಂದೊಂದರಲ್ಲೂ ಗೋಡೆಗೆ ಒತ್ತಿಕೊಂಡು ಒಂದು ಚುಕ್ಕೆ. ಅಷ್ಟೇ. ರೆಕಾರ್ಡ್ ವಾಪಸ್ ಬಂದಾಗ ಐದಕ್ಕೆ ಎರಡು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಮೈಟೋಕಾಂಡ್ರಿಯಾ, ಕ್ಲೋರೋಪ್ಲಾಸ್ಟ್, ರಸದಾನಿ ಎಲ್ಲಿ?" ಅಂತ ಬರೆದಿದ್ದಾರೆ. ಅವಳ ಗೆಳತಿ ಪುಸ್ತಕದಲ್ಲಿದ್ದ ಸಸ್ಯಕೋಶದ ಚಿತ್ರವನ್ನೇ ಇಳಿಸಿ, ಹಸಿರು ಸ್ಕೆಚ್ ಪೆನ್ನಲ್ಲಿ ಬಣ್ಣ ತುಂಬಿ, ಐದಕ್ಕೆ ಐದು ತಗೊಂಡಿದ್ದಾಳೆ.

ನಾನು ಕಾಮರ್ಸ್ ಓದಿದವಳು. ಜೀವಕೋಶ ಅಂದರೆ ನನಗೆ ನೆನಪಿರೋದು ಒಂದು ದೋಸೆಯಂಥ ಆಕಾರ, ಅದರೊಳಗೆ ಏನೇನೋ ಹುಳುಗಳು. ಆದರೆ ಮಗಳು ಕೇಳಿದ ಪ್ರಶ್ನೆ ತಲೆಯಲ್ಲೇ ಕೂತಿದೆ: "ಅಮ್ಮಾ, ಕಾಣದೇ ಇದ್ದದ್ದನ್ನ ನಾನು ಹೇಗೆ ಬರೀಲಿ?" ಗೊತ್ತಿರುವವರು ಹೇಳಿ, ಅವಳದ್ದು ತಪ್ಪಾ?

ನಿವೃತ್ತ_ಮೇಷ್ಟ್ರು

ತಪ್ಪಲ್ಲ ಮೇಡಂ. ನನ್ನ ಕಡೆಯಿಂದ ಐದಕ್ಕೆ ಐದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇದೇ ಈರುಳ್ಳಿ ಪೊರೆ ಸುಲಿಸಿದವನು ನಾನು. ನಿಮ್ಮ ಮಗಳು ಬರೆದಂಥ ಚಿತ್ರ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ.

ಮೊದಲು ಕ್ಲೋರೋಪ್ಲಾಸ್ಟ್ ವಿಷಯ, ಯಾಕಂದರೆ ಅದನ್ನು ಕೇಳಿದ್ದೇ ತಪ್ಪು. ನಾವು ತಿನ್ನುವ ಈರುಳ್ಳಿ ಮಣ್ಣಿನೊಳಗೆ ಕೂತ ಎಲೆ. ಬೇರಲ್ಲ, ಎಲೆಯ ಬುಡವೇ ಆಹಾರ ತುಂಬಿಕೊಂಡು ದಪ್ಪ ಆಗಿರೋದು. ಬಿಸಿಲೇ ಬೀಳದ ಕಡೆ ಬಿಸಿಲಿನಲ್ಲಿ ಅಡುಗೆ ಮಾಡುವ ಒಲೆ ಯಾಕೆ ಬೇಕು? ಹಾಗಾಗಿ ಆ ಪೊರೆಯಲ್ಲಿ ಹಸಿರು ಇಲ್ಲ. ಪಕ್ಕದ ಹುಡುಗಿ ಹಸಿರು ಬಣ್ಣ ತುಂಬಿದ್ದಕ್ಕೆ ನಿಜ ಹೇಳಬೇಕೆಂದರೆ ಮಾರ್ಕ್ಸ್ ಕಳೆಯಬೇಕಿತ್ತು, ಪಾಪ ಅವಳದೇನು ತಪ್ಪು ಬಿಡಿ. ಹಸಿರು ನೋಡಬೇಕು ಅಂದರೆ ಕೆರೆಯಿಂದ ಹೈಡ್ರಿಲ್ಲಾ ತಂದು ಒಂದು ಎಲೆ ಸ್ಲೈಡ್ ಮೇಲಿಡಿ. ಹಸಿರು ಕಾಳುಗಳು ಕೋಶದ ಅಂಚಿನಲ್ಲೇ ಸಾಲಾಗಿ ಸುತ್ತು ಹಾಕುತ್ತಿರುತ್ತವೆ. ಮಕ್ಕಳು ಕಣ್ಣು ತೆಗೆಯೋದೇ ಇಲ್ಲ.

ಮೈಟೋಕಾಂಡ್ರಿಯಾ ಬಹಳ ಸಣ್ಣದು, ಶಾಲೆಯ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದೇ ಇಲ್ಲ. ಪ್ರೋಟೀನು ಕಟ್ಟುವ ರೈಬೋಸೋಮ್ ಅಂತೂ ಬೆಳಕು ಬಳಸುವ ಯಾವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಸಿಗಲ್ಲ, 1950ರ ದಶಕದಲ್ಲಿ ಜಾರ್ಜ್ ಪಲಾಡೆ ಅದನ್ನು ನೋಡಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ.

ಪುಸ್ತಕದ ಚಿತ್ರ ಇದೆಯಲ್ಲ, ಅಂಥ ಕೋಶ ಎಲ್ಲೂ ಇಲ್ಲ. ಪ್ರವಾಸೋದ್ಯಮದವರ ಭೂಪಟದಲ್ಲಿ ಜೋಗ, ಹಂಪಿ, ಗೋಲಗುಮ್ಮಟ ಎಲ್ಲ ಒಂದೇ ಹಾಳೆಯಲ್ಲಿ ಇರುತ್ತೆ ನೋಡಿ, ಅದೂ ಹಾಗೇ. ಬಸ್ಸಿನ ಕಿಟಕಿಯಿಂದ ಮೂರೂ ಒಟ್ಟಿಗೆ ಕಾಣಲಿಲ್ಲ ಅಂತ ಯಾರಾದರೂ ಮಾರ್ಕ್ಸ್ ಕಟ್ ಮಾಡ್ತಾರಾ?

ಇನ್ನೊಂದು ಮಾತು. 1665ರಲ್ಲಿ ರಾಬರ್ಟ್ ಹುಕ್ ಬಿರಡೆ ಮಾಡುವ ಕಾರ್ಕಿನ ತೆಳು ಚೂರು ನೋಡಿ 'ಸೆಲ್' ಅಂತ ಹೆಸರಿಟ್ಟ. ಅವನಿಗೆ ಕಂಡದ್ದು ಖಾಲಿ ಗೋಡೆಗಳು ಮಾತ್ರ, ಯಾಕಂದರೆ ಕಾರ್ಕ್ ಸತ್ತ ಕೋಶಗಳ ರಾಶಿ. ಚುಕ್ಕೆ ಕೂಡ ಇರಲಿಲ್ಲ. ಆ ಮನುಷ್ಯ ಸುಮ್ನೆ ಕೂರಲಿಲ್ಲ, ಒಂದು ಚದರ ಅಂಗುಲದಲ್ಲಿ 11,66,400 ಮನೆಗಳು ಅಂತ ಲೆಕ್ಕ ಹಾಕಿ ಬರೆದ. ಇವತ್ತು ಆ ಚಿತ್ರವನ್ನು ರೆಕಾರ್ಡಿನಲ್ಲಿ ಬರೆದಿದ್ದರೆ ಅವನಿಗೂ ಐದಕ್ಕೆ ಎರಡೇ.

ನೀಟ್_ಎರಡನೇ_ಸಲ

ಮೇಷ್ಟ್ರೇ ನಿಮ್ಮ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಇದು ನಡೆಯಲ್ಲ ಸರ್. ನಾನು ಎರಡನೇ ಸಲ ನೀಟ್ ಬರೀತಿದ್ದೀನಿ. ಅಲ್ಲಿ ಕೇಳೋದು ಯಾವ ಕಣದಂಗಕ್ಕೆ ಎಷ್ಟು ಪೊರೆ, ಯಾವುದಕ್ಕೆ ಸ್ವಂತ ಡಿಎನ್‌ಎ ಇದೆ, ಇಂಥದ್ದೇ. ಅಕ್ಕಾ, ನಿಮ್ಮ ಮಗಳಿಗೆ ಹೇಳಿ: ಕಂಡದ್ದನ್ನು ಮನಸ್ಸಲ್ಲಿ ಇಟ್ಟುಕೊಳ್ಳಲಿ, ಪುಸ್ತಕದ್ದನ್ನು ಹಾಳೆ ಮೇಲೆ ಬರೀಲಿ. ಕೋಶಕೇಂದ್ರ ಅಂದರೆ ಹೆಡ್ ಆಫೀಸು, ಮೈಟೋಕಾಂಡ್ರಿಯಾ ಅಂದರೆ ಪವರ್‌ಹೌಸ್, ಲೈಸೋಸೋಮ್ ಅಂದರೆ ಆತ್ಮಹತ್ಯಾ ಸಂಚಿ, ಗಾಲ್ಗಿ ಅಂದರೆ ಪಾರ್ಸೆಲ್ ಆಫೀಸು. ಬಾಯಿಪಾಠ ಮಾಡಿದರೆ ಮುಗೀತು.

ರಕ್ತಪರೀಕ್ಷೆ

ತಮ್ಮಾ, ಬಾಯಿಪಾಠದಲ್ಲಿ ಇರುವ ತೊಂದರೆ ಹೇಳ್ತೀನಿ ಇರು. ಅದಕ್ಕೆ ಮುಂಚೆ ಮೇಷ್ಟ್ರಿಗೆ ಒಂದು ತಿದ್ದುಪಡಿ, ಬೇಜಾರು ಮಾಡ್ಕೋಬೇಡಿ ಸರ್. ಮೈಟೋಕಾಂಡ್ರಿಯಾ ಕಾಣದಿರೋದು ಸಣ್ಣದು ಅನ್ನುವ ಕಾರಣಕ್ಕಲ್ಲ. ಬೆಳಕಿನ ಸೂಕ್ಷ್ಮದರ್ಶಕ ಸುಮಾರು 0.2 ಮೈಕ್ರೋಮೀಟರ್ ತನಕ ಬಿಡಿಸಿ ತೋರಿಸುತ್ತೆ, ಮೈಟೋಕಾಂಡ್ರಿಯಾದ ಅಗಲ ಅರ್ಧದಿಂದ ಒಂದು ಮೈಕ್ರೋಮೀಟರ್. ಅಂದರೆ ಕಾಣಬೇಕು. ಕಾಣದಿರೋದು ಸುತ್ತಲಿನ ದ್ರವಕ್ಕೂ ಅದಕ್ಕೂ ಬಣ್ಣದಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತ, ನೀರಲ್ಲಿ ಗಾಜಿನ ಚೂರು ಬಿದ್ದ ಹಾಗೆ. ಜೇನಸ್ ಗ್ರೀನ್ ಅನ್ನೋ ಬಣ್ಣ ಹಾಕಿ, ದೊಡ್ಡ ಲೆನ್ಸಿಗೆ ಎಣ್ಣೆ ಹಚ್ಚಿ ನೋಡಿದರೆ ಸಿಗುತ್ತೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವ ಎಷ್ಟೋ ಮುಂಚೆ, 1898ರಲ್ಲೇ ಅದಕ್ಕೆ ಆ ಹೆಸರು ಬಿದ್ದಿತ್ತು. ಶಾಲೆಯಲ್ಲಿ ಹಾಕೋದು ಸ್ಯಾಫ್ರನಿನ್ನೋ ಅಯೋಡಿನ್ನೋ, ಅದರಲ್ಲಿ ಎದ್ದು ಕಾಣೋದು ಗೋಡೆ ಮತ್ತು ಕೋಶಕೇಂದ್ರ, ಅವಳು ಬರೆದ ಚುಕ್ಕೆ ಅದೇ. ಹಾಗಾಗಿ ಹುಡುಗಿ ಬರೆದದ್ದು ಸರಿಯೇ.

ಈಗ ಬಾಯಿಪಾಠ. ನಾನು ದಿನಾ ರಕ್ತದ ಸ್ಲೈಡ್ ನೋಡುವವಳು. ಬೆರಳ ತುದಿ ಚುಚ್ಚಿ ಒಂದು ಹನಿ, ಇನ್ನೊಂದು ಸ್ಲೈಡಿನ ಅಂಚಿನಿಂದ ಎಳೆದು ತೆಳ್ಳಗೆ ಹರಡಿ, ಲೀಶ್‌ಮನ್ ಬಣ್ಣ ಹಾಕಿ ತೊಳೆದು ಒಣಗಿಸಿದರೆ ಗುಲಾಬಿ ಬಿಲ್ಲೆಗಳ ಜಾತ್ರೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 40ರಿಂದ 50 ಲಕ್ಷ ಕೆಂಪು ಕಣ. ನಡುವೆ ತಗ್ಗು, ಅಂಚು ದಪ್ಪ, ನಮ್ಮ ಉದ್ದಿನವಡೆಯನ್ನು ತೂತು ಮಾಡದೆ ಬೆರಳಲ್ಲಿ ಒತ್ತಿ ಬಿಟ್ಟ ಹಾಗೆ. ಅದರಲ್ಲಿ ಹೆಡ್ ಆಫೀಸೂ ಇಲ್ಲ, ಪವರ್‌ಹೌಸೂ ಇಲ್ಲ. ಮೂಳೆಮಜ್ಜೆಯಲ್ಲಿ ಹುಟ್ಟುವಾಗ ಇರುತ್ತೆ, ಕೆಲಸಕ್ಕೆ ಹೊರಡುವ ಮುಂಚೆ ಆಚೆ ಹಾಕುತ್ತೆ. ಹಿಮೋಗ್ಲೋಬಿನ್ ತುಂಬೋಕೆ ಜಾಗ ಬೇಕಲ್ಲ. ಆಮ್ಲಜನಕ ಹೊರುವ ಕೂಲಿ ತಾನೇ ಆಮ್ಲಜನಕ ಸುಡುವ ಒಲೆ ಇಟ್ಟುಕೊಂಡರೆ ಹೇಗೆ? ಆಮ್ಲಜನಕ ಬೇಡದ ದಾರಿಯಲ್ಲೇ ಗ್ಲೂಕೋಸ್ ಒಡೆದು ಅಷ್ಟಿಷ್ಟು ಶಕ್ತಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತೆ. ಅದಕ್ಕೆ ಬೆಲೆಯೂ ಕಟ್ಟುತ್ತೆ. ಕೋಶಕೇಂದ್ರ ಇಲ್ಲ ಅಂದಮೇಲೆ ಕೆಟ್ಟ ಭಾಗ ಹೊಸದಾಗಿ ಮಾಡಿಕೊಳ್ಳೋಕೆ ಆಗಲ್ಲ, ಸುಮಾರು 120 ದಿನಕ್ಕೆ ಆಯಸ್ಸು ಮುಗೀತು.

ಅದೇ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕಣ, ಬಹಳಷ್ಟರಲ್ಲಿ ಕೋಶಕೇಂದ್ರ ಮೂರು ನಾಲ್ಕು ಉಂಡೆಯಾಗಿ ದಾರಕ್ಕೆ ಪೋಣಿಸಿದ ಹಾಗೆ ಇರುತ್ತೆ. ಯಾವ ಕೋಶದಲ್ಲಿ ಏನಿದೆ ಅನ್ನೋದು ಅದು ಏನು ಕೆಲಸ ಮಾಡುತ್ತೆ ಅನ್ನೋದರ ಮೇಲೆ. ಈರುಳ್ಳಿಯಲ್ಲಿ ಹಸಿರು ಇಲ್ಲದ್ದೂ ಇದೇ ಲೆಕ್ಕ. ಪಟ್ಟಿ ಬಾಯಿಪಾಠ ಮಾಡಿದವನಿಗೆ ಕೆಂಪು ಕಣ ಕೊಟ್ಟರೆ "ಇದು ಕೋಶವೇ ಅಲ್ಲ" ಅಂತಾನೆ.

ನೀಟ್_ಎರಡನೇ_ಸಲ

ಉದ್ದಿನವಡೆ ಇನ್ಮೇಲೆ ಮರೆಯಲ್ಲ ಅಕ್ಕಾ 😄 ಆದರೆ ಒಂದು ವಿಷಯ. ಪವರ್‌ಹೌಸ್ ಅಂತ ಆರನೇ ಕ್ಲಾಸಿಂದ ಬರೀತಿದ್ದೀನಿ, ಒಳಗೆ ಏನು ನಡೆಯುತ್ತೆ ಅಂತ ಇವತ್ತಿಗೂ ಕಣ್ಣಿಗೆ ಕಟ್ಟಿಲ್ಲ. ಗ್ಲೂಕೋಸ್ ಹೋಗುತ್ತೆ, ಎಟಿಪಿ ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಅಣು ಬರುತ್ತೆ. ನಡುವೆ?

ನಿವೃತ್ತ_ಮೇಷ್ಟ್ರು

@ರಕ್ತಪರೀಕ್ಷೆ, ತಿದ್ದಿದ್ದು ಸರಿ ಇದೆ ಅಮ್ಮಾ. ಮೂವತ್ತು ವರ್ಷ "ಸಣ್ಣದು ಅದಕ್ಕೇ ಕಾಣಲ್ಲ" ಅಂತಲೇ ಹೇಳಿಕೊಂಡು ಬಂದೆ. ಎಷ್ಟು ಮಕ್ಕಳಿಗೆ ಹೇಳಿದ್ದೇನೋ.

@ನೀಟ್, ಶರಾವತಿ ನೋಡಿದ್ದೀಯಾ? ಲಿಂಗನಮಕ್ಕಿ ಅಣೆಕಟ್ಟೆ ಏನು ಮಾಡುತ್ತೆ, ನೀರನ್ನು ಒಂದು ಕಡೆ ಎತ್ತರಕ್ಕೆ ತಡೆದು ನಿಲ್ಲಿಸುತ್ತೆ. ಆ ನೀರು ಕೊಳವೆಯಲ್ಲಿ ಇಳಿಯುವಾಗ ಟರ್ಬೈನ್ ತಿರುಗಿ ಕರೆಂಟು ಬರುತ್ತೆ. ಮೈಟೋಕಾಂಡ್ರಿಯಾಕ್ಕೆ ಎರಡು ಪೊರೆ ಅಂತ ಬಾಯಿಪಾಠ ಮಾಡಿದ್ದೀಯಲ್ಲ, ಎರಡು ಯಾಕೆ ಅಂತ ಯೋಚಿಸು. ಒಳಗಿನ ಪೊರೆಯೇ ಅಣೆಕಟ್ಟೆ. ತಿಂದ ಅನ್ನದಿಂದ ಬಂದ ಶಕ್ತಿ ನೇರವಾಗಿ ಎಟಿಪಿ ಆಗಿಬಿಡಲ್ಲ. ಆ ಶಕ್ತಿಯಲ್ಲಿ ಪ್ರೋಟಾನುಗಳನ್ನು ಒಳಗಿನಿಂದ ಪಂಪ್ ಮಾಡಿ ಎರಡು ಪೊರೆಗಳ ನಡುವಿನ ಸಂದಿಯಲ್ಲಿ ಒಟ್ಟು ಹಾಕುತ್ತೆ. ಅಲ್ಲಿ ಜಾಸ್ತಿ ಆದವು ವಾಪಸ್ ಬರಲೇಬೇಕು, ಬರೋಕೆ ದಾರಿ ಅಂದರೆ ಎಟಿಪಿ ಸಿಂಥೇಸ್ ಅನ್ನೋ ಪ್ರೋಟೀನು. ಪ್ರೋಟಾನು ಹಾದು ಬರುವಾಗ ಆ ಪ್ರೋಟೀನು ನಿಜವಾಗಿಯೂ ಗಿರ್ರನೆ ತಿರುಗುತ್ತೆ. ಇದು ಉಪಮೆ ಅಲ್ಲ ಮಾರಾಯ, ತಿರುಗೋದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ತಿರುಗಿದ ಬಲದಲ್ಲಿ ಎಟಿಪಿ ಕೂಡಿಕೊಳ್ಳುತ್ತೆ. 1961ರಲ್ಲಿ ಪೀಟರ್ ಮಿಚೆಲ್ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ, 1978ರಲ್ಲಿ ನೊಬೆಲ್ ಬಂತು.

ಒಳಪೊರೆ ಸೀರೆ ನೆರಿಗೆಯ ಹಾಗೆ ಮಡಚಿಕೊಂಡಿರೋದೂ ಇದಕ್ಕೇ. ನೆರಿಗೆ ಜಾಸ್ತಿ ಆದಷ್ಟೂ ಟರ್ಬೈನಿಗೆ ಜಾಗ ಜಾಸ್ತಿ.

ಅದರ ಸ್ವಂತ ಡಿಎನ್‌ಎ ಇನ್ನೊಂದು ಸ್ವಾರಸ್ಯ. ಮನುಷ್ಯನ ಮೈಟೋಕಾಂಡ್ರಿಯಾದಲ್ಲಿ ಬಳೆಯಂತೆ ದುಂಡಗಿರುವ ಡಿಎನ್‌ಎ, 37 ಜೀನುಗಳು. ಬ್ಯಾಕ್ಟೀರಿಯಾದ್ದೂ ಬಹುಮಟ್ಟಿಗೆ ಹೀಗೇ ದುಂಡಗೆ. ಯಾವುದೋ ಕಾಲದಲ್ಲಿ ಒಂದು ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ಜೀರ್ಣ ಆಗದೆ ಅಲ್ಲೇ ಬಿಡಾರ ಹೂಡಿತು, ಅದರ ಸಂತಾನವೇ ಇದು ಅಂತ ಲಿನ್ ಮಾರ್ಗುಲಿಸ್ 1967ರಲ್ಲಿ ಬರೆದರು. ಹಲವು ಪತ್ರಿಕೆಗಳು ಆ ಲೇಖನವನ್ನು ವಾಪಸ್ ಕಳಿಸಿದ್ದವು. ಈಗ ಪಠ್ಯಪುಸ್ತಕದಲ್ಲೇ ಇದೆ. ಆ ಡಿಎನ್‌ಎ ನಮಗೆ ಬರೋದು ಅಮ್ಮನಿಂದ ಮಾತ್ರ. ಅಮ್ಮನಿಗೆ ಅಜ್ಜಿಯಿಂದ.

ಮತ್ತೆ, ಆತ್ಮಹತ್ಯಾ ಸಂಚಿ ಅನ್ನೋದನ್ನು ಪರೀಕ್ಷೆಗೆ ಬರಿ, ನಂಬೋಕೆ ಹೋಗಬೇಡ. ಲೈಸೋಸೋಮ್ ದಿನಾ ಮಾಡೋದು ಹಳೇ ಸಾಮಾನು ಒಡೆದು ಮತ್ತೆ ಬಳಸೋಕೆ ಕೊಡುವ ಗುಜರಿ ಅಂಗಡಿಯ ಕೆಲಸ.

ಅಪ್ಪೆಮಿಡಿ

ಸುಮ್ನೆ ಓದಿಕೊಂಡು ಹೋಗೋಣ ಅಂತ ಬಂದೆ. ಶಿರಸಿ ಕಡೆಯವನು, ತೋಟದ ಕೆಲಸ, ಓದಿದ್ದು ಎಸ್ಸೆಸ್ಸೆಲ್ಸಿ. ನೀವೆಲ್ಲ ಮೈಟೋಕಾಂಡ್ರಿಯಾ ಹಿಂದೆ ಬಿದ್ದಿದ್ದೀರಿ, ಕೋಶದ ಹೊರಗಿನ ಪೊರೆ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಿಡಿಗೆ ಉಪ್ಪು ಹಾಕುತ್ತೇವೆ. ತೊಟ್ಟು ಮುರಿಯದ ಹಾಗೆ ಕೊಯ್ದ ಮಿಡಿ, ತೊಳೆದು ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು. ಒಂದು ತೊಟ್ಟು ನೀರು ಹಾಕಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮಿಡಿ ಎಲ್ಲ ಮುರುಟಿ, ತಮ್ಮದೇ ನೀರಲ್ಲಿ ಮುಳುಗಿರುತ್ತವೆ. ಹೈಸ್ಕೂಲಲ್ಲಿ ಅಭಿಸರಣೆ ಅಂತ ಹೇಳಿಕೊಟ್ಟರು. ಪೊರೆ ನೀರನ್ನು ಬಿಡುತ್ತೆ ಉಪ್ಪನ್ನು ಬಿಡಲ್ಲ, ಉಪ್ಪು ಜಾಸ್ತಿ ಇರುವ ಕಡೆ ನೀರು ಹೋಗುತ್ತೆ, ಅಂತ. ಸರಿ. ಪೊರೆ ಉಪ್ಪನ್ನು ಬಿಡಲ್ಲ ಅಂದರೆ ಮಿಡಿ ಒಳಗೆ ಗೊರಟಿನ ತನಕ ಉಪ್ಪು ಹಿಡಿಯೋದು ಹೇಗೆ? ಆಗ ಕೇಳಿದ್ದಕ್ಕೆ "ಕೂತ್ಕೋ" ಅಂದಿದ್ದರು. ಇವತ್ತಿಗೂ ಕೂತೇ ಇದ್ದೇನೆ.

ನಿವೃತ್ತ_ಮೇಷ್ಟ್ರು

ಭಲೇ! ಎದ್ದು ನಿಲ್ಲಿ ಭಟ್ರೇ ಅಥವಾ ಹೆಗಡೇರೇ, ಯಾರೋ ಗೊತ್ತಿಲ್ಲ. ಇಷ್ಟು ಒಳ್ಳೆ ಪ್ರಶ್ನೆಯನ್ನು ಕೂರಿಸಿದವರು ಯಾರು?

ಉತ್ತರ ಇಷ್ಟೇ: ಪೊರೆ ಕಾವಲು ಕಾಯೋದು ಕೋಶ ಬದುಕಿರುವ ತನಕ. ಅದು ಜಿಡ್ಡಿನ ಅಣುಗಳ ಎರಡು ಪದರ, ದಪ್ಪ ಏಳೆಂಟು ನ್ಯಾನೋಮೀಟರ್. ನಡುನಡುವೆ ಪ್ರೋಟೀನಿನ ಬಾಗಿಲುಗಳು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಆಚೆ ತಳ್ಳಬೇಕು ಅಂತ ನೋಡಿಕೊಳ್ಳೋಕೆ ಕೋಶ ಸದಾ ಎಟಿಪಿ ಖರ್ಚು ಮಾಡುತ್ತಿರುತ್ತೆ. ಭರಣಿಯಲ್ಲಿ ಮೊದಲು ನೀರು ಹೋಗುತ್ತೆ, ಮಿಡಿ ಮುರುಟುತ್ತೆ. ಅಷ್ಟು ನೀರು ಕಳಕೊಂಡ ಕೋಶ ಸಾಯುತ್ತೆ, ಪೊರೆ ಹರಿಯುತ್ತೆ, ಆಮೇಲೆ ಉಪ್ಪಿಗೆ ಯಾರ ಅಪ್ಪಣೆಯೂ ಬೇಡ. ಗೋಡೆ ಮಾತ್ರ ಹಾಗೇ ಉಳಿಯುತ್ತೆ. ಅದು ಸೆಲ್ಯುಲೋಸ್, ಹತ್ತಿಬಟ್ಟೆಯ ಎಳೆಯಲ್ಲಿ ಇರೋದೂ ಅದೇ. ವರ್ಷ ಕಳೆದರೂ ಮಿಡಿ ಕಡಿದರೆ ಕಟುಂ ಅನ್ನೋದು ಆ ಗೋಡೆಯಿಂದ. ಹುಕ್ ನೋಡಿದ ಕಾರ್ಕಿಗೂ ನಿಮ್ಮ ಉಪ್ಪಿನಕಾಯಿಗೂ ಇರುವ ನಂಟು ಇದು, ಒಳಗಿನವರು ಖಾಲಿ ಮಾಡಿಕೊಂಡು ಹೋದ ಮನೆಗಳು.

ಎರಡನೇ_ಕಾಫಿ

ಅಯ್ಯೋ, ಹಾಗಾದರೆ ಬೀಟ್‌ರೂಟ್ ಕೂಡ ಇದೇನಾ? ಹಸಿಯದನ್ನು ಹೆಚ್ಚಿ ತಣ್ಣೀರಲ್ಲಿ ಹಾಕಿದರೆ ಒಂದು ಸಲ ತೊಳೆದ ಮೇಲೆ ಜಾಸ್ತಿ ಬಣ್ಣ ಬಿಡಲ್ಲ, ಅದೇ ಬೇಯೋಕೆ ಇಟ್ಟರೆ ಪಾತ್ರೆ ತುಂಬ ಕೆಂಪು.

ನಿವೃತ್ತ_ಮೇಷ್ಟ್ರು

ಅದೇ ಮೇಡಂ. ಹೆಚ್ಚುವಾಗ ಚಾಕುವಿಗೆ ಸಿಕ್ಕ ಕೋಶಗಳ ಬಣ್ಣ ಮೊದಲ ನೀರಿಗೆ ಹೋಯಿತು. ಉಳಿದವುಗಳ ಬಣ್ಣ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ರಸದ ಚೀಲದಲ್ಲಿ, ಭದ್ರವಾಗಿದೆ. ಬಿಸಿ ತಗುಲಿದ ಕೂಡಲೇ ಪೊರೆ ಕೆಟ್ಟು ಎಲ್ಲ ಆಚೆ. ಕಾಮರ್ಸ್ ಓದಿದವರು ಅಂತ ಸುಳ್ಳು ಹೇಳಬೇಡಿ.

ರಕ್ತಪರೀಕ್ಷೆ

ಗೋಡೆ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕಡೆ ಉದಾಹರಣೆ ಇದೆ. ಕೆಂಪು ಕಣವನ್ನು ಬರೀ ನೀರಿಗೆ ಬಿಟ್ಟರೆ ನೀರು ಒಳನುಗ್ಗಿ ಉಬ್ಬಿ ಒಡೆದುಹೋಗುತ್ತೆ, ಮೋಡದಂತಿದ್ದ ಟ್ಯೂಬು ನೋಡುತ್ತಿದ್ದ ಹಾಗೆ ತಿಳಿಗೆಂಪಾಗುತ್ತೆ. ಡ್ರಿಪ್ ಹಾಕುವ ಬಾಟಲಿ ಮೇಲೆ 0.9% ಅಂತ ಬರೆದಿರೋದು ನೋಡಿ, ಅದು ಉಪ್ಪಿನ ಲೆಕ್ಕ. ಆ ಹದದಲ್ಲಿ ಕಣ ಉಬ್ಬೋದೂ ಇಲ್ಲ, ಮುರುಟೋದೂ ಇಲ್ಲ. ಈರುಳ್ಳಿ ಕೋಶವನ್ನು ಬರೀ ನೀರಲ್ಲಿ ಹಾಕಿದರೆ ಏನೂ ಆಗಲ್ಲ, ಗೋಡೆ ತಡೆಯುತ್ತೆ. ಸೊಪ್ಪಿಗೆ ನೀರು ಚಿಮುಕಿಸಿದರೆ ಸೆಟೆದು ನಿಲ್ಲುತ್ತಲ್ಲ, ಅಷ್ಟೇ.

ನಿವೃತ್ತ_ಮೇಷ್ಟ್ರು

ಮೇಡಂ, ಒಂದು ಕೆಲಸ ಮಾಡಿ. ಕೆಂಪು ಇಂಕಿನಲ್ಲಿ ರಸದಾನಿ ಎಲ್ಲಿ ಅಂತ ಕೇಳಿದ್ದಾರಲ್ಲ, ಅದೊಂದನ್ನು ನಿಮ್ಮ ಮಗಳಿಗೆ ತೋರಿಸಬಹುದು. ಬಿಳಿ ಪೊರೆ ಬೇಡ. ಕೆಂಪು ಈರುಳ್ಳಿಯ ದಪ್ಪ ಪದರದ ಹೊರಮೈಯಲ್ಲಿ ನೇರಳೆ ಬಣ್ಣದ ಪೊರೆ ಇರುತ್ತೆ, ಅದನ್ನು ಸುಲಿಯಿರಿ. ಯಾವ ಬಣ್ಣವೂ ಹಾಕಬೇಡಿ. ಮೊದಲು ನೀರಲ್ಲಿ ನೋಡಿ, ಆಮೇಲೆ ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು ಕದಡಿ ಅದನ್ನು ಬಿಡಿ. ಏನಾಗುತ್ತೆ ಅಂತ ನಾನು ಹೇಳಲ್ಲ.

ಎರಡನೇ_ಕಾಫಿ

ಮಾಡಿದೆವು! ಪಕ್ಕದ ಮನೆ ಹುಡುಗನ ಹತ್ತಿರ ಫೋಲ್ಡ್‌ಸ್ಕೋಪ್ ಇತ್ತು, ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡದವರು ಮಾಡಿದ ಕಾಗದದ ಸೂಕ್ಷ್ಮದರ್ಶಕ. 140 ಪಟ್ಟು ತೋರಿಸುತ್ತೆ, ಫೋನಿನ ಕ್ಯಾಮೆರಾಗೆ ಅಂಟಿಸಬಹುದು. ಮೊದಲ ಎರಡು ಪೊರೆ ಸುಲಿಯುವಾಗ ಮುದುಡಿ ಹಾಳಾಯಿತು, ಮೂರನೆಯದು ಚೆನ್ನಾಗಿ ಬಂತು. ನೀರಲ್ಲಿ ನೋಡಿದಾಗ ಮನೆಗಳೆಲ್ಲ ಗೋಡೆಯಿಂದ ಗೋಡೆಗೆ ತಿಳಿ ನೇರಳೆ. ಸ್ಲೈಡ್ ಹೊರಗೆ ತೆಗೆದು ಒಂದು ಅಂಚಿಗೆ ಉಪ್ಪುನೀರು ಬಿಟ್ಟು, ಇನ್ನೊಂದು ಅಂಚಿಗೆ ಟಿಶ್ಯೂ ಪೇಪರ್ ಹಿಡಿದು ಎಳೆದುಕೊಂಡೆವು. ಮತ್ತೆ ಒಳಗೆ ತೂರಿಸಿ ಫೋಕಸ್ ಮಾಡೋಕೇ ಐದು ನಿಮಿಷ. ನೋಡಿದರೆ ನೇರಳೆ ಎಲ್ಲ ಗೋಡೆ ಬಿಟ್ಟು ನಡುವಿಗೆ ಸರಿದು ಮುದ್ದೆಯಾಗಿ ಕೂತಿದೆ, ಬಣ್ಣವೂ ಗಾಢ. ಸುತ್ತ ಖಾಲಿ ಜಾಗ, ಆಚೆ ಗೋಡೆ ಇದ್ದಲ್ಲೇ ಇದೆ. ಮಗಳು ಕಿರುಚಿದ್ದಕ್ಕೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಬರೀ ನೀರು ಬಿಟ್ಟಾಗ ನಿಧಾನಕ್ಕೆ ಮತ್ತೆ ಉಬ್ಬಿಕೊಂಡಿತು, ಎಲ್ಲವೂ ಅಲ್ಲ, ಕೆಲವು ಹಾಗೇ ಉಳಿದವು.

ರಸದಾನಿ ಅಂದರೆ ಮೂಲೆಯಲ್ಲಿರುವ ಸಣ್ಣ ಚೀಲ ಅಂದುಕೊಂಡಿದ್ದೆ. ಮನೆ ತುಂಬ ಅದೇ ಇದೆಯಲ್ಲ! ಅವಳೇ ಹೇಳಿದಳು, ಅದಕ್ಕೇ ಚುಕ್ಕೆ ಗೋಡೆಗೆ ಒತ್ತಿಕೊಂಡಿತ್ತು ಅಮ್ಮಾ, ನಡುವೆ ಜಾಗ ಎಲ್ಲಿದೆ ಅಂತ.

ರೆಕಾರ್ಡಿನಲ್ಲಿ ಮುಂದಿನ ಹಾಳೆಗೆ ಮೂರು ಚಿತ್ರ ಬರೆದಿದ್ದಾಳೆ. ನೀರಲ್ಲಿ, ಉಪ್ಪುನೀರಲ್ಲಿ, ಮತ್ತೆ ನೀರಲ್ಲಿ. ಟೀಚರ್ ನೋಡಿ ಸಹಿ ಹಾಕಿದರಂತೆ, ಹಳೇ ಮಾರ್ಕ್ಸ್ ಹಾಗೇ ಇದೆ. ಅವಳಿಗೆ ಈಗ ಅದರ ಚಿಂತೆ ಇಲ್ಲ, ಹೊಸ ಪ್ರಶ್ನೆ ಶುರುವಾಗಿದೆ: ನೇರಳೆ ಮುದುಡಿದಾಗ ಚುಕ್ಕೆ ಎಲ್ಲಿಗೆ ಹೋಯಿತು? ಅಯೋಡಿನ್ ಹಾಕಿ ನೋಡಬಹುದಾ ಸರ್?

ನಿವೃತ್ತ_ಮೇಷ್ಟ್ರು

ಪೊರೆಯ ಜೊತೆಗೇ ಒಳಕ್ಕೆ ಸರಿದಿರುತ್ತೆ, ಮುದ್ದೆಯ ಅಂಚಿನಲ್ಲಿ ಹುಡುಕಲಿ. ಅಯೋಡಿನ್ ಹಾಕಿದರೆ ಕೋಶ ಸತ್ತುಹೋಗುತ್ತೆ, ಆಮೇಲೆ ಎಷ್ಟು ನೀರು ಬಿಟ್ಟರೂ ಉಬ್ಬಲ್ಲ. ಆದ್ದರಿಂದ ಹಿಗ್ಗೋದು ಕುಗ್ಗೋದು ಎಲ್ಲ ನೋಡಿ ಮುಗಿಸಿ, ಮತ್ತೆ ಉಪ್ಪುನೀರಲ್ಲಿ ಕುಗ್ಗಿಸಿ, ಕಡೆಗೆ ಒಂದು ಹನಿ ಹಾಕಿ. ಬೆಳಕಿಗೆ ಹಿಡಿದಾಗ ನೇರಳೆ ಮೇಲೆ ಹಳದಿ ಬಿದ್ದು ಸ್ವಲ್ಪ ಗೊಂದಲ ಆಗಬಹುದು. ತಿಳಿ ಬಣ್ಣ ಇರುವ ಕಡೆ, ಬುಡದ ಹತ್ತಿರದ ಪೊರೆ ತಗೊಳ್ಳಿ.

ಅಪ್ಪೆಮಿಡಿ

ನನಗೂ ಆ ಕಾಗದದ್ದು ಒಂದು ಬೇಕು. ಎಲ್ಲಿ ಸಿಗುತ್ತೆ?